ಬೂದಿಯಲ್ಲಿ ಹುದುಗಿದ ಹಬ್ಬ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಸಮೀಪ, ಬೂದುಬಣ್ಣದ ದಿಬ್ಬವೊಂದಿದೆ. ಗುಡ್ಡವೆನ್ನೋಣವೆಂದರೆ ಕಲ್ಲಿಲ್ಲ, ಹುತ್ತವೆನ್ನೋಣವೆಂದರೆ ಗಾತ್ರ ಒಪ್ಪದು. ಅದು ಬರಿಯ ಬೂದಿಯ ರಾಶಿ! ಹಂಪೆಯ ಬಳಿಯ ನಿಂಬಾಪುರದಲ್ಲಿಯೂ ಇಂತಹುದೊಂದುಂಟು. ಅದು ವಾಲಿಯ ಚಿತಾಭಸ್ಮವೆಂದು ಜನರ ನಂಬಿಕೆ.

ಸಂಶೋಧಕರು ಕಂಡ ಕಥೆ ಇದಕ್ಕಿಂತ ಕಡಿಮೆ ಸ್ವಾರಸ್ಯದ್ದಲ್ಲ. ಇವು ಹಳೆಯ ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ಬೂದಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ತರ್ಕಿಸಿದ್ದನು. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಕಂಬಗಳನ್ನು ನೆಟ್ಟ ಕುಳಿಗಳೂ ಕಾಣಿಸಿದವು. ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳು ಪತ್ತೆಯಾಗಿವೆ. ಇವು ಸುಮಾರು ಕ್ರಿ.ಪೂ. 3000ದಿಂದ 1200ರವರೆಗಿನ ನವಶಿಲಾಯುಗದ ಪಶುಪಾಲಕರ ಕೃತಿಗಳು.

ಸಗಣಿಯೇ ಸಂಪತ್ತಾದವರು ಅದನ್ನು ರಾಶಿಗಟ್ಟಲೆ ಸುಟ್ಟುದೇಕೆ? ಆಕಸ್ಮಿಕವಾಗಿ ಬಿದ್ದ ಬೆಂಕಿಯಾಗಿದ್ದರೆ ಸುಟ್ಟ ಪದರಗಳು ಮತ್ತೆ ಮತ್ತೆ ಒಂದರ ಮೇಲೊಂದು ಏಳುತ್ತಿರಲಿಲ್ಲ. ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗುವಷ್ಟು ಉಗ್ರವಾಗಿ ಬೆಂಕಿ ಉರಿದಿದೆ. ಇದು ಋತುಮಾನಕ್ಕೆ ತಕ್ಕ ಹಬ್ಬದ ಅಗ್ನಿಯೆಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯ ಸಂಜೆ ಮೈಸೂರು ಸೀಮೆಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಬಲ್ಲ ಕನ್ನಡಿಗನಿಗೆ ಈ ಊಹೆ ಅಪರಿಚಿತವೆನಿಸದು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಬೂದಿದಿಬ್ಬದ ಮಗ್ಗುಲಲ್ಲೇ ಮನೆಗಳ ಅವಶೇಷಗಳೂ, ಮಡಕೆಗಳಲ್ಲಿ ಹೂಳಿದ ಶಿಶುಗಳ ಅಸ್ಥಿಗಳೂ, ದನಗಳನ್ನು ಕಡಿದು ಮಾಂಸ ಹಂಚಿಕೊಂಡ ನೆಲವೂ ದೊರೆತವು. ಹುಟ್ಟು, ಸಾವು, ಊಟ, ಉತ್ಸವ ಎಲ್ಲವೂ ಅದರ ನೆರಳಿನಲ್ಲೇ ನಡೆದವು.

ಕಲ್ಲಿಲ್ಲದೆಯೂ ಪವಿತ್ರಸ್ಥಾನ ಏಳಬಹುದೆಂಬುದಕ್ಕೆ ದೂರದ ಪೆರು ದೇಶವೂ ಸಾಕ್ಷಿ. ಅಲ್ಲಿನ ಮೋಚೆ ಜನರು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗಳಿಂದ ಬೃಹತ್ ದೇಗುಲಗಳನ್ನು ಕಟ್ಟಿದರು. ಚಂದ್ರನ ಹೆಸರಿನ ದೇಗುಲದಲ್ಲಿ ಹಳೆಯದನ್ನು ಇಟ್ಟಿಗೆಯಿಂದ ತುಂಬಿ, ಅದರ ಮೇಲೆಯೇ ಹೊಸದನ್ನು ಎತ್ತಿದರು. ಅದರ ಎದುರಿನ ಸೂರ್ಯನ ದೇಗುಲವನ್ನು ಸ್ಪೇನಿನವರು ನಿಧಿಯಾಸೆಯಿಂದ ನದಿಯನ್ನೇ ತಿರುಗಿಸಿ ಕೊಚ್ಚಿಹಾಕಿದರು.

ನಮ್ಮ ದಿಬ್ಬಗಳನ್ನು ಕರಗಿಸಲು ನದಿ ಬೇಕಾಗಲಿಲ್ಲ. ಗೊಬ್ಬರಕ್ಕೆಂದು ಬೂದಿಯನ್ನು ಹೊಲಗಳಿಗೆ ಹೊತ್ತರು. ಸಂಗನಕಲ್ಲಿನ ಪ್ರಾಚೀನ ನೆಲೆಗಳಿಗೆ ಕಲ್ಲುಗಣಿಗಾರಿಕೆಯ ಗಂಡಾಂತರವೂ ಒದಗಿತು. ಶಿಲ್ಪವಿರುವ ಗುಡಿಯ ಮುಂದೆ ಕೈಮುಗಿಯುವ ನಾವು ಬೂದಿಯ ಮುಂದೆ ನಿಲ್ಲುವುದಿಲ್ಲ. ಆದರೆ ಶಿಲ್ಪಿಯ ಉಳಿ ಈ ನಾಡಿಗೆ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಜನ ಒಂದಾಗಿ ಸೇರಿ ಹಬ್ಬ ಮಾಡಿದ್ದರೆಂಬುದಕ್ಕೆ ಉಳಿದಿರುವ ಶಾಸನ ಆ ಬೂದಿಯೊಂದೇ.