ಸಂಬಳದ ಬಲದಲ್ಲಿ ಹಾಡಿದವರು

ಗಾಯಕರಲ್ಲಿ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರ. ಶಿವಮೊಗ್ಗ ಸುಬ್ಬಣ್ಣ ವಕೀಲರು. ಕವಿಗಳಲ್ಲಿ ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದರು, ಲಕ್ಷ್ಮೀನಾರಾಯಣ ಭಟ್ಟರು ಕನ್ನಡ ಮೇಷ್ಟ್ರು. ಭಾವಗೀತೆಯ ಕ್ಯಾಸೆಟ್ ಯುಗ ಕಟ್ಟಿದವರಲ್ಲಿ ಇಂಥವರೇ ಹೆಚ್ಚು. ಮನೆ ನಡೆದದ್ದು ತಿಂಗಳ ಸಂಬಳದಲ್ಲಿ, ವಕಾಲತ್ತಿನಲ್ಲಿ; ಹಾಡು ಹುಟ್ಟಿದ್ದು ಸಂಜೆ ಮತ್ತು ಭಾನುವಾರ. ನಮ್ಮ ಸುಗಮ ಸಂಗೀತ ಉದ್ಯಮ ಎನಿಸಿಕೊಂಡದ್ದು ಹೀಗೆ ಬೇರೆ ನೌಕರಿಗಳ ನೆರಳಿನಲ್ಲಿ.

ಅದಕ್ಕೂ ಮೊದಲು ಪಿ. ಕಾಳಿಂಗರಾವ್ ನವೋದಯದ ಕವಿತೆಗಳನ್ನು ವೇದಿಕೆಗೂ ಗ್ರಾಮಫೋನ್ ತಟ್ಟೆಗೂ ತಂದಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ದಾರಿ ತೆರೆಯಿತು. ಲಹರಿ, ಸಂಗೀತಾದಂಥ ಕಂಪನಿಗಳು ಕವಿಗಳ ಹೆಸರಿನಲ್ಲೇ ಕ್ಯಾಸೆಟ್ ಮಾರಿದವು. ಒಂದೊಂದು ಬದಿಗೆ ನಾಲ್ಕೈದು ಹಾಡು. ಡಬ್ಬಿಯೊಳಗಿನ ಮಡಿಕೆ ಕಾಗದದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಸಾಹಿತ್ಯ. ಕವನ ಸಂಕಲನ ಕೊಳ್ಳದವರ ಮನೆಗೂ ಕೆ.ಎಸ್. ನರಸಿಂಹಸ್ವಾಮಿ ಹೋದದ್ದು ಆ ಕಾಗದದಲ್ಲಿ.

ಕವಿತೆಗೆ ರಾಗ ಹಾಕುವ ಕೆಲಸ ಹಾರ್ಮೋನಿಯಂ ಮುಂದೆ ಶುರುವಾಗುತ್ತದೆ ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಶುರುವಾಗುವುದು ಓದಿನಿಂದ. ಸಾಲು ಎಷ್ಟೆಷ್ಟು ಮಾತ್ರೆಗೆ ಮುರಿಯುತ್ತದೆ ಎಂದು ಬಾಯಲ್ಲಿ ಹೇಳಿಕೊಂಡು ನೋಡಬೇಕು. ಮೂರರ ನಡೆಯಾದರೆ ದಾದ್ರಾ, ನಾಲ್ಕರದಾದರೆ ಕೆಹರ್ವಾ. ಐದರ ನಡೆ ಬಂದರೆ ತಬಲಾದವರು ನೆಟ್ಟಗೆ ಕೂರುತ್ತಾರೆ. ಆಮೇಲೆ ಪಲ್ಲವಿಯ ಪ್ರಶ್ನೆ. ಕವಿ ಪಲ್ಲವಿ ಎಂದು ಬರೆದಿರುವುದಿಲ್ಲ, ಯಾವ ಸಾಲಿಗೆ ಮರಳಿ ಬರಬೇಕೆಂಬುದು ಸಂಯೋಜಕರ ತೀರ್ಮಾನ. ಅದು ತಪ್ಪಿದರೆ ಎಷ್ಟೇ ಇಂಪಾದ ರಾಗವೂ ಕವಿತೆಯ ಅರ್ಥವನ್ನು ಕೆಡಿಸುತ್ತದೆ.

ಅಶ್ವತ್ಥರು ಗೆದ್ದದ್ದು ಇಲ್ಲೇ. ಮಾತಿನ ಏರಿಳಿತವನ್ನೇ ಅವರು ಸ್ವರವಾಗಿಸಿದರು. ತಾರಸ್ಥಾಯಿಗೆ ಹೋದಾಗಲೂ ಪದ ಒಡೆಯುತ್ತಿರಲಿಲ್ಲ. ಶಿಶುನಾಳ ಷರೀಫರ ತತ್ವಪದಗಳು ಊರಿನ ಭಜನೆ ಮೇಳಗಳನ್ನು ದಾಟಿ ನಗರದ ಮನೆಗಳಿಗೆ ಬಂದದ್ದರಲ್ಲಿ ಭಟ್ಟರ ಸಂಪಾದನೆಯ ಜೊತೆ ಈ ಕಂಠದ ಪಾಲು ದೊಡ್ಡದು. 1990ರಲ್ಲಿ ಷರೀಫರನ್ನು ಕುರಿತ ನಾಗಾಭರಣರ ಚಿತ್ರದಲ್ಲಿ ತೆರೆಯ ಮೇಲೆ ಶ್ರೀಧರ್, ದನಿ ಅಶ್ವತ್ಥರದು. ಷರೀಫರೆಂದರೆ ಅದೇ ದನಿ ಎಂದು ನಂಬಿದವರು ನಮ್ಮಲ್ಲಿ ಎಷ್ಟೋ ಮಂದಿ. 2005ರಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನ ತುಂಬಿತು. ಸಿನಿಮಾ ತಾರೆಯರನ್ನು ನೋಡಲು ಬಂದ ಜನವಲ್ಲ ಅದು, ಕವಿತೆ ಕೇಳಲು ಬಂದದ್ದು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡರು.

ಅಷ್ಟರಲ್ಲಿ ಕ್ಯಾಸೆಟ್ ಹೋಗಿ ಸಿ.ಡಿ. ಬಂದು, ಅದೂ ಹೋಗುವ ಹಂತದಲ್ಲಿತ್ತು. ಈಗ ಹಾಡುಗಳೆಲ್ಲ ಯೂಟ್ಯೂಬಿನಲ್ಲಿವೆ, ಕೇಳುಗರೂ ಇದ್ದಾರೆ. ಸಿನಿಮಾ ಹಾಡಿಗೆ ಸಿಗುವ ಬಂಡವಾಳ ಮಾತ್ರ ಭಾವಗೀತೆಗಿಲ್ಲ. ಹೊಸ ಧ್ವನಿಮುದ್ರಣಕ್ಕೆ ಗಾಯಕರೇ ಕೈಯಿಂದ ಹಣ ಹಾಕುವುದು ಮಾಮೂಲಾಗಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕವಿಗೂ ಸಂಯೋಜಕರಿಗೂ ರಾಯಲ್ಟಿಯ ಪಾಲು ಕಾಯ್ದಿರಿಸಿತು. ಧ್ವನಿಮುದ್ರಣದಲ್ಲಿ ಕೊಳಲು, ತಬಲಾ ನುಡಿಸಿದವರಿಗೆ ಸಾಮಾನ್ಯವಾಗಿ ಆ ದಿನದ ಕೂಲಿಯೇ ಕೊನೆ.

ಅವರ ಆಸರೆ ವೇದಿಕೆ. ಅಲ್ಲೂ ವಾದ್ಯಗಳನ್ನು ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಬಂದಿದೆ. ಒಂದು ಪೆನ್‌ಡ್ರೈವ್ ತಂದರೆ ಸಾಕು, ಪಕ್ಕವಾದ್ಯದವರಿಗೆ ಪ್ರಯಾಣಭತ್ಯೆ, ಊಟ, ಸಂಭಾವನೆ ಯಾವುದೂ ಬೇಡ. ಖರ್ಚು ಉಳಿಯುವುದು ನಿಜ. ಆದರೆ ಸಭಿಕರ ಮುಖ ನೋಡಿ ಒಂದು ಸಾಲನ್ನು ಮತ್ತೆ ಹಾಡಬೇಕೆನಿಸಿದರೆ ಗಾಯಕರಿಗೆ ಆಗುವುದಿಲ್ಲ, ಟ್ರ್ಯಾಕ್ ಮುಂದೆ ಹೋಗಿರುತ್ತದೆ. ಭಾವಗೀತೆಯ ಜೀವವೇ ಆ ಮರುಸಾಲು.

ಸುಗಮ ಸಂಗೀತಕ್ಕೆ ಸರ್ಕಾರ ಷರೀಫರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ, ಸಂತೋಷ. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುವ ಸಂಘಗಳು ಇನ್ನೊಂದು ಕೆಲಸ ಮಾಡಲಿ: ಶಾಮಿಯಾನ, ಮೈಕಿನ ಲೆಕ್ಕ ಬರೆಯುವ ಹಾಳೆಯಲ್ಲೇ ತಬಲಾದವರ ಸಂಭಾವನೆಯನ್ನೂ ಬರೆದು, ಕಾರ್ಯಕ್ರಮದ ರಾತ್ರಿಯೇ ಕೈಗೆ ಕೊಡಲಿ.