ಒಂದು ಪುಟ, ಹಲವು ಪ್ಲಗಿನ್‌ಗಳು

ಒಂದು ಮೀಟರು ಉದ್ದದ ಲೋಲಕವು ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡುಗಳು ಬೇಕೆಂಬುದು ವಾಚಕರಿಗೆ ತಿಳಿದ ವಿಷಯವೇ. ಇದನ್ನು ಜಾಲಪುಟವೊಂದರಲ್ಲಿ ತೋರಿಸಬೇಕೆಂದು ಭಾವಿಸೋಣ. ಎಡಗಡೆ ಲೋಲಕದ ಚಲನಚಿತ್ರ. ಬಲಗಡೆ ಅದು ತೂಗಿದಂತೆಲ್ಲ ಬೆಳೆಯುವ ನಕ್ಷೆ. ಇಂದು ಇದು ಸುಲಭ. ಆದರೆ 1990ರ ದಶಕದ ಕೊನೆಯಲ್ಲಿ ಬ್ರೌಸರು ತಾನಾಗಿ ಚಲನಚಿತ್ರವನ್ನು ತೋರಿಸಲಾರದಾಗಿದ್ದಿತು. ಚಲನಚಿತ್ರಕ್ಕೆ ಕ್ವಿಕ್‌ಟೈಮ್, ಅನಿಮೇಷನ್ನಿಗೆ ಫ್ಲ್ಯಾಶ್, ಗಣನೆಗೆ ಜಾವಾ ಆಪ್ಲೆಟ್, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ತಂತ್ರಾಂಶದ ನೆರವು ಬೇಕಾಗುತ್ತಿದ್ದಿತು. ಬ್ರೌಸರಿಗೆ ಹೊರಗಿನಿಂದ ಹೀಗೆ ಜೋಡಿಸುವ ತಂತ್ರಾಂಶವೇ ಪ್ಲಗಿನ್.

ಇವು ಒಂದೇ ಪುಟದಲ್ಲಿ ಕೂಡಿ ಬಾಳಿದುದು ಹೇಗೆ? ವಠಾರವೊಂದನ್ನು ನೆನೆಯೋಣ. ಪುಟವು ಪ್ರತಿಯೊಂದು ಪ್ಲಗಿನ್ನಿಗೂ ಆಯತಾಕಾರದ ಒಂದು ಬಿಡಾರವನ್ನು ಕೊಡುತ್ತಿದ್ದಿತು. ಅದರೊಳಗೆ ಚಿತ್ರ ಬರೆಯುವ ಅಧಿಕಾರ ಆ ಪ್ಲಗಿನ್ನಿನದೇ. ಆದರೆ ನೆರೆಮನೆಯ ಸುದ್ದಿ ಅದಕ್ಕೆ ತಿಳಿಯದು, ಭಾಷೆಯೂ ಬೇರೆ. ಆದುದರಿಂದ ದುಭಾಷಿಯೊಬ್ಬನು ಬೇಕಾಯಿತು. ಆ ಕಾರ್ಯವನ್ನು ಪುಟದಲ್ಲೇ ಬರೆದಿಡುವ ಜಾವಾಸ್ಕ್ರಿಪ್ಟ್ ವಹಿಸಿಕೊಂಡಿತು. 1996ರಲ್ಲಿ ನೆಟ್‌ಸ್ಕೇಪ್ 3 ಬ್ರೌಸರಿನೊಡನೆ ಬಂದ ಲೈವ್‌ಕನೆಕ್ಟ್ ಎಂಬ ಏರ್ಪಾಡು ಇದಕ್ಕೆ ದಾರಿಮಾಡಿಕೊಟ್ಟಿತು. ಮುಂದೆ ಇಂಥ ಏರ್ಪಾಡುಗಳ ಮೂಲಕ, ಚಿತ್ರವು ಎಷ್ಟು ಕಾಲ ಓಡಿದೆಯೆಂದು ಸ್ಕ್ರಿಪ್ಟ್ ಕ್ವಿಕ್‌ಟೈಮನ್ನು ಕೇಳಿ, ದೊರೆತ ಸಂಖ್ಯೆಯನ್ನು ಆಪ್ಲೆಟ್ಟಿಗೆ ಒಪ್ಪಿಸಬಹುದಾಗಿದ್ದಿತು. ಆ ಕ್ಷಣಕ್ಕೆ ತಕ್ಕ ಬಿಂದುವನ್ನು ಆಪ್ಲೆಟ್ ನಕ್ಷೆಯಲ್ಲಿ ಗುರುತಿಸುತ್ತಿದ್ದಿತು. ಅಮೆರಿಕದ ಡೇವಿಡ್‌ಸನ್ ಕಾಲೇಜಿನ ವೋಲ್ಫ್‌ಗ್ಯಾಂಗ್ ಕ್ರಿಶ್ಚಿಯನ್ನರು ರಚಿಸಿದ ‘ಫಿಸ್ಲೆಟ್’ ಎಂಬ ಭೌತವಿಜ್ಞಾನದ ಆಪ್ಲೆಟ್‌ಗಳೂ ಜಾವಾಸ್ಕ್ರಿಪ್ಟಿನ ಆಜ್ಞೆಯಂತೆಯೇ ನಡೆಯುತ್ತಿದ್ದುವು.

ವಠಾರವೆಂದ ಮೇಲೆ ತಾಪತ್ರಯಗಳೂ ಉಂಟು. ಪ್ಲಗಿನ್‌ಗಳು ಬ್ರೌಸರಿನ ಒಡಲಲ್ಲೇ ನಡೆಯುತ್ತಿದ್ದುದರಿಂದ ಒಂದು ಕೆಟ್ಟರೆ ಇಡೀ ಬ್ರೌಸರು ನಿಂತುಬಿಡುತ್ತಿದ್ದಿತು. 2010ರಲ್ಲಿ ಫೈರ್‌ಫಾಕ್ಸ್ ಅವುಗಳಲ್ಲಿ ಕೆಲವನ್ನು ಪ್ರತ್ಯೇಕವಾಗಿ ನಡೆಸಲು ತೊಡಗಿ ಈ ತೊಂದರೆಯನ್ನು ತಗ್ಗಿಸಿತು. ಆದರೂ ಪ್ರತಿಯೊಂದು ಪ್ಲಗಿನ್ನೂ ಕಳ್ಳರಿಗೆ ಮತ್ತೊಂದು ಬಾಗಿಲಾಗಿಯೇ ಉಳಿಯಿತು.

2014ರಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ 5 ಚಲನಚಿತ್ರವನ್ನೂ ರೇಖಾಚಿತ್ರವನ್ನೂ ಬ್ರೌಸರಿನ ಸ್ವಂತ ವಿದ್ಯೆಯನ್ನಾಗಿ ಮಾಡಿತು. 2015ರಲ್ಲಿ ಕ್ರೋಮ್ ಬ್ರೌಸರು ಹಳೆಯ ಬಗೆಯ ಪ್ಲಗಿನ್‌ಗಳನ್ನು ಕೈಬಿಟ್ಟಿತು. 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆಯ ಬೆಂಬಲವೂ ಕೊನೆಗೊಂಡಿತು.

ಲೋಲಕದ ನಿಯಮವೇನೋ ಬದಲಾಗಲಿಲ್ಲ. ಅದನ್ನು ತೋರಿಸುತ್ತಿದ್ದ ಎಷ್ಟೋ ಪುಟಗಳು ಮಾತ್ರ ಬರಿದಾದುವು. 2002ರಲ್ಲಿ ಕಾರ್ಲ್ ವೀಮನ್ನರು ಸ್ಥಾಪಿಸಿದ, ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಯೋಜನೆಯವರು ಜಾವಾ ಮತ್ತು ಫ್ಲ್ಯಾಶ್‌ಗಳಲ್ಲಿದ್ದ ತಮ್ಮ ಅನೇಕ ಪ್ರಯೋಗಗಳನ್ನು ಎಚ್‌ಟಿಎಂಎಲ್ 5ರಲ್ಲಿ ಹೊಸದಾಗಿ ಬರೆಯಬೇಕಾಯಿತು. ಹಾಗೆ ಬರೆಯುವವರು ದೊರೆಯದ ಪಾಠಗಳ ಗತಿಯೇನು? ರಫಲ್ ಎಂಬ ತಂತ್ರಾಂಶವು ಹಳೆಯ ಫ್ಲ್ಯಾಶ್ ಕೃತಿಗಳನ್ನು ಪ್ಲಗಿನ್ನಿಲ್ಲದೆಯೇ ನಡೆಸಿ, ಅವುಗಳಲ್ಲಿ ಕೆಲವನ್ನಾದರೂ ಉಳಿಸುತ್ತಿದೆ. ಪಾಠವನ್ನು ಯಾವ ಉಪಕರಣದಿಂದ ಕಟ್ಟಿದರೂ, ಅದರ ಗಣಿತವನ್ನೂ ಮೂಲಲಿಪಿಯನ್ನೂ ಬೇರೆಯಾಗಿ ಕಾಪಾಡಿಡುವುದು ಲೇಸೆಂಬುದನ್ನು ನಾವು ಇದರಿಂದ ಕಲಿಯಬಹುದು.