ಅಂಗವಿಕಲರಾದ ಯೋಧರೂ ನಮ್ಮ ಕರ್ತವ್ಯವೂ

2019ನೆಯ ಇಸವಿ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ ಕೇಂದ್ರೀಯ ಮೀಸಲು ಪೋಲೀಸ್ ಪಡೆಯ ಯೋಧ ಗುಡಿಗೆರೆಯ ಗುರು ಅವರ ಪಾರ್ಥಿವ ಶರೀರವು ಮದ್ದೂರು ತಾಲ್ಲೂಕಿಗೆ ಬಂದಾಗ ಜನಸ್ತೋಮವು ಕಣ್ಣೀರಿಟ್ಟುದನ್ನು ನಾಡು ಮರೆತಿಲ್ಲ. ಮಡಿದವರಿಗೆ ಮಾನ ಸಲ್ಲಿಸುವುದರಲ್ಲಿ ಮಂಡ್ಯದ ಸೀಮೆಯವರು ಯಾರಿಗೂ ಹಿಂದಾದವರಲ್ಲ. ಆದರೆ ರಣರಂಗದಿಂದ ಜೀವಸಹಿತ ಹಿಂದಿರುಗಿ, ಕಾಲನ್ನೋ ಕೈಯನ್ನೋ ಬೆನ್ನಿನ ಬಲವನ್ನೋ ಅಲ್ಲಿಯೇ ಬಿಟ್ಟು ಬಂದವನ ಗತಿಯೇನು? ಈ ಪ್ರಶ್ನೆಯನ್ನು ನಾವು ಮಹಾಜನರ ಮುಂದೆಯೂ ಸರ್ಕಾರದವರ ಮುಂದೆಯೂ ಇಡಬಯಸುತ್ತೇವೆ.

ಯುದ್ಧದ ಗಾಯವು ಜ್ವರದಂತೆ ಬಂದು ಹೋಗತಕ್ಕದ್ದಲ್ಲ. ಕಾಲು ಕತ್ತರಿಸಿದ ಬಳಿಕ ಉಳಿದ ಮೋಟು ವರ್ಷದಿಂದ ವರ್ಷಕ್ಕೆ ಸೊರಗಿ ಆಕಾರ ಬದಲಿಸುವುದು. ಮೊದಲು ಹೊಂದಿದ್ದ ಕೃತಕ ಕಾಲಿನ ಬಟ್ಟಲು ಸಡಿಲವಾಗಿ ಚರ್ಮವನ್ನು ಉಜ್ಜಿ ಹುಣ್ಣು ಮಾಡುವುದು. ಹಲವು ವರ್ಷಗಳಿಗೊಮ್ಮೆ ಆ ಕಾಲನ್ನೇ ಬದಲಾಯಿಸಬೇಕು. ಬೆನ್ನುಹುರಿಗೆ ಪೆಟ್ಟು ಬಿದ್ದವನಿಗೆ ಮಲಗಿದ ಕಡೆ ಹುಣ್ಣಾಗದಂತೆ, ಮೂತ್ರಪಿಂಡಕ್ಕೆ ಸೋಂಕು ತಗಲದಂತೆ ಜೀವಮಾನವೆಲ್ಲ ಎಚ್ಚರಿಕೆ ಬೇಕು. ಇದು ಸಾಮಾನ್ಯ ವೈದ್ಯರೊಬ್ಬರ ಕೈಲಿ ಮುಗಿಯುವ ಕೆಲಸವಲ್ಲ. ಮೂಳೆಯ ತಜ್ಞರು, ಅಂಗಮರ್ದನ ಬಲ್ಲವರು, ಕೃತಕಾಂಗ ಮಾಡುವವರು, ಮನಸ್ಸಿನ ವೈದ್ಯರು ಕೂಡಿ ಮಾಡಬೇಕಾದ ಕೆಲಸ.

ದೇಶವು ಈ ವಿಷಯದಲ್ಲಿ ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಅಂಗಹೀನರಾದ ಸೈನಿಕರಿಗೆ ಕೆಲಸ ಕಲಿಸಲು 1917ರಲ್ಲಿಯೇ ಏರ್ಪಟ್ಟ ಶಾಲೆಯೊಂದು ಪುಣೆಯ ಬಳಿಯ ಖಡ್ಕಿಯಲ್ಲಿದೆ. ಪುಣೆಯಲ್ಲಿ 1944ರಲ್ಲಿ ಕೃತಕಾಂಗ ಕೇಂದ್ರವೂ, ಖಡ್ಕಿಯಲ್ಲಿ 1974ರಲ್ಲಿ ಬೆನ್ನುಹುರಿ ಗಾಯಗೊಂಡವರ ಪುನರ್ವಸತಿ ಕೇಂದ್ರವೂ ಪ್ರಾರಂಭವಾದುವು. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯಿದೆ. 2003ರ ಏಪ್ರಿಲ್‌ನಿಂದ ನಡೆದಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಯುದ್ಧದಲ್ಲಿ ವಿಕಲಾಂಗರಾದವರಿಗೆ ವಂತಿಗೆಯೂ ಇಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ಮನುಷ್ಯನು ಎಷ್ಟರಮಟ್ಟಿಗೆ ಎದ್ದು ನಿಲ್ಲಬಲ್ಲನೆಂಬುದಕ್ಕೆ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪನವರೇ ಸಾಕ್ಷಿ. 1999ರ ಜುಲೈನಲ್ಲಿ ಕಾರ್ಗಿಲ್ ಸಮರದಲ್ಲಿ ಕೈಬಾಂಬು ಸಿಡಿದು ಅವರ ಕಾಲುಗಳು ಜರ್ಝರಿತವಾದುವು. ಹಲವು ಶಸ್ತ್ರಚಿಕಿತ್ಸೆಗಳ ತರುವಾಯ ಸೈನ್ಯವನ್ನು ಬಿಡಬೇಕಾಗಿ ಬಂದರೂ ಅವರು ಸೈನ್ಯದ ಇಂಜಿನಿಯರಿಂಗ್ ಸೇವೆಯನ್ನು ಸೇರಿ ದೇಶದ ಕೆಲಸವನ್ನು ಮುಂದುವರಿಸಿದರು.

ಹಾಗಾದರೆ ಕೊರತೆಯೆಲ್ಲಿ? ದೂರದಲ್ಲಿ. ಬೆಸಗರಹಳ್ಳಿಯಂತಹ ಊರಿನಲ್ಲಿ ನಿಂತು ನೋಡಿದರೆ ಪುಣೆಯು 800 ಕಿಲೋಮೀಟರಿಗೂ ಮೀರಿದ ದಾರಿ. ಬಟ್ಟಲು ಸಡಿಲವಾದ ಪ್ರತಿಸಲವೂ ಒಂಟಿಕಾಲಿನವನು ಮದ್ದೂರಿಗೆ ಬಸ್ಸು ಹತ್ತಿ, ಅಲ್ಲಿಂದ ರೈಲು ಹಿಡಿದು, ಜೊತೆಗೊಬ್ಬನನ್ನು ಕರೆದುಕೊಂಡು, ಇಬ್ಬರ ಕೂಲಿಯನ್ನೂ ಕಳೆದುಕೊಂಡು ಹೋಗಬೇಕೆಂದರೆ ಅವನು ಹೋಗುವುದಿಲ್ಲ. ಕೃತಕ ಕಾಲು ಅಟ್ಟ ಸೇರುತ್ತದೆ. ಊರುಗೋಲು ಕೈ ಸೇರುತ್ತದೆ. ಮೇಲಾಗಿ ಕಬ್ಬು ಭತ್ತಗಳ ಕೆಸರಿನಲ್ಲಿ, ಗದ್ದೆಯ ಬದುವಿನ ಮೇಲೆ ನಡೆಯಬೇಕಾದವನಿಗೆ ಪಟ್ಟಣದ ನುಣುಪು ನೆಲಕ್ಕೆ ಹೊಂದಿಸಿದ ಕಾಲು ಸಾಲದು. ಅವನ ನೆಲವನ್ನು ಕಂಡವರೇ ಅವನ ಕಾಲನ್ನು ಹೊಂದಿಸಬೇಕು. ಬೆಸಗರಹಳ್ಳಿಯು ವೈದ್ಯರೂ ಕಥೆಗಾರರೂ ಆಗಿದ್ದ ಡಾಕ್ಟರ್ ರಾಮಣ್ಣನವರನ್ನು ನಾಡಿಗೆ ಕೊಟ್ಟ ಊರು. ಹಳ್ಳಿಯ ಬಡವನ ನೋವನ್ನು ಹತ್ತಿರದಿಂದ ಕಾಣಬೇಕೆಂಬುದನ್ನು ಆ ಊರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ: ರೋಗಿಯು ತಜ್ಞನ ಬಳಿಗೆ ಹೋಗುವುದರ ಬದಲು ತಜ್ಞನು ರೋಗಿಯ ಬಳಿಗೆ ಬರಲಿ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ತಿಂಗಳಿಗೊಂದು ದಿನವನ್ನು ಗಾಯಾಳು ಯೋಧರಿಗೆಂದೇ ಮೀಸಲಿಡಬೇಕು. ಕೃತಕಾಂಗ ಸರಿಪಡಿಸುವ ಕುಶಲಿಯೊಬ್ಬನು ತನ್ನ ಸಲಕರಣೆಗಳೊಡನೆ ಮದ್ದೂರು, ಮಳವಳ್ಳಿಗಳಿಗೆ ಸರದಿಯಂತೆ ಬರಬೇಕು. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಹಳ್ಳಿಹಳ್ಳಿಯ ಗಾಯಾಳುಗಳ ಪಟ್ಟಿಯನ್ನು ಸಿದ್ಧಪಡಿಸಿ, ಬಾರದವನ ಮನೆಗೆ ತಾವೇ ಹೋಗಬೇಕು. ಇದಕ್ಕೆ ಹೊಸ ಅರಮನೆಗಳು ಬೇಕಿಲ್ಲ. ಇರುವ ಸಂಸ್ಥೆಗಳು ಒಂದಕ್ಕೊಂದು ಕೈ ಜೋಡಿಸಿದರೆ ಸಾಕು.

ಇನ್ನೊಂದು ಮಾತನ್ನೂ ಹೇಳದಿರಲಾರೆವು. 2022ರಲ್ಲಿ ಹೊರಟ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ದುಡಿದು ಹಿಂದಿರುಗುವ ತರುಣರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಆಶ್ರಯವನ್ನು ಕೊಟ್ಟಿಲ್ಲ. ಸೇವೆಯ ಕಾರಣದಿಂದ ವಿಕಲಾಂಗರಾದವರಿಗೆ ಶೇಕಡ 50, 75, 100ರ ಪ್ರಮಾಣವನ್ನು ನೋಡಿ 15, 25, 44 ಲಕ್ಷ ರೂಪಾಯಿಗಳ ಇಡಿಗಂಟನ್ನು ಗೊತ್ತುಮಾಡಿದೆ. ಹಣವು ದೊಡ್ಡದೇ. ಆದರೆ ಇಪ್ಪತ್ತೆರಡರ ಪ್ರಾಯದಲ್ಲಿ ಕಾಲು ಕಳೆದುಕೊಂಡವನು ಐವತ್ತು ವರ್ಷ ಬಾಳಬೇಕು. ಇಡಿಗಂಟು ಕರಗಿದ ಮೇಲೂ ಗಾಯವು ಉಳಿದಿರುತ್ತದೆ. ಹಾಗೆ ಗಾಯಗೊಂಡವರಿಗಾದರೂ ಆ ಯೋಜನೆಯ ಬಾಗಿಲನ್ನು ಜೀವಾವಧಿ ತೆರೆದಿಡುವುದು ನ್ಯಾಯ.

ಸೇನೆಗೆ ಸೇರುವಾಗ ಯೋಧನು ತನ್ನ ದೇಹವನ್ನು ದೇಶಕ್ಕೆ ಒಪ್ಪಿಸುತ್ತಾನೆ. ಅದು ಮುರಿದು ಮರಳಿದಾಗ ಅದರ ಪಾಲನೆಯು ದಾನವಲ್ಲ, ಋಣ. ಸ್ವಾತಂತ್ರ್ಯೋತ್ಸವದ ದಿನ ಹಾರ ಹಾಕುವ ನಮ್ಮ ನಾಯಕರು ಉಳಿದ ದಿನಗಳಲ್ಲಿ ಈ ಋಣವನ್ನು ತೀರಿಸುವ ದಾರಿಯನ್ನು ಹುಡುಕುವರೆಂದು ಹಾರೈಸುತ್ತೇವೆ.